ಅಲೆಕ್ ಗಿನ್ನೆಸ್: ಯಾವ ಮುಖದಿಂದ ಶುರು ಮಾಡೋಣ?

'ಸ್ಟಾರ್ ವಾರ್ಸ್' ನೋಡಿ ಬೆಳೆದವರಿಗೆ ಅಲೆಕ್ ಗಿನ್ನೆಸ್ ಎಂದರೆ ಕಂದು ನಿಲುವಂಗಿ ತೊಟ್ಟ, ಬಿಳಿಗಡ್ಡದ, ಮೆತ್ತಗೆ ಮಾತಾಡುವ ಸಾಧು. ಅವರ ಅಪ್ಪಂದಿರಿಗೆ ಅದೇ ಹೆಸರು ಕೇಳಿದರೆ ಬೇರೆಯೇ ಮುಖ ನೆನಪಾಗುತ್ತದೆ. ಜಪಾನೀಯರ ಸೆರೆಯಲ್ಲಿದ್ದೂ ಶಿಸ್ತು ಬಿಡದ, ಕೊನೆಗೆ ಶತ್ರುವಿಗೇ ಒಂದು ಸೊಗಸಾದ ಸೇತುವೆ ಕಟ್ಟಿಕೊಟ್ಟ ಬ್ರಿಟಿಷ್ ಕರ್ನಲ್. ಇಬ್ಬರೂ ಒಬ್ಬನೇ ಎಂದು ತಿಳಿದ ಮೇಲೆ ಜನ ಕೇಳುವುದು ಒಂದೇ ಪ್ರಶ್ನೆ: ಈತನದು ಇನ್ನೇನಿದೆ, ಯಾವುದನ್ನು ಮೊದಲು ನೋಡಲಿ?

ಒಂದು ಹೆಸರು ಹೇಳಿ ಕೈತೊಳೆದುಕೊಳ್ಳಬಹುದು. ಹಾಗೆ ಮಾಡಿ ಒಮ್ಮೆ ಮುಖಭಂಗವಾಗಿದೆ ನನಗೆ. 'ಲಾರೆನ್ಸ್ ಆಫ್ ಅರೇಬಿಯಾ' ನೋಡಪ್ಪ ಎಂದು ಗೆಳೆಯನೊಬ್ಬನಿಗೆ ಹೇಳಿದ್ದೆ. ಅವನು ಅದನ್ನು ಬಸ್ಸಿನಲ್ಲಿ, ಮೊಬೈಲಿನಲ್ಲಿ, ಮೂರು ದಿನ ಹೋಗುವಾಗ ಬರುವಾಗ ನೋಡಿ ಮುಗಿಸಿ, 'ಮರಳೇನೋ ಚೆನ್ನಾಗಿತ್ತು, ನಿನ್ನ ಗಿನ್ನೆಸ್ ಎಲ್ಲಿದ್ದ?' ಅಂದ. ತಪ್ಪು ಅವನದಲ್ಲ. ಅವನಿಗೆ ಎಷ್ಟು ಬಿಡುವಿದೆ, ಯಾವುದರಲ್ಲಿ ನೋಡುತ್ತಾನೆ, ನೋಡಿ ನಗಬೇಕೋ ಯೋಚನೆಗೆ ಬೀಳಬೇಕೋ ಎಂದು ಕೇಳದೆಯೇ ಹೇಳಿಬಿಟ್ಟಿದ್ದೆ.

ಈ ಸಲ ಅದನ್ನೆಲ್ಲ ಮೊದಲೇ ಇತ್ಯರ್ಥ ಮಾಡಿಕೊಳ್ಳೋಣ.

ಮೊದಲು ಹೊತ್ತಿನ ಲೆಕ್ಕ. ಗಿನ್ನೆಸ್‌ನ ಹಾಸ್ಯಚಿತ್ರಗಳಲ್ಲಿ ಕೆಲವು ಎಂಬತ್ತು, ತೊಂಬತ್ತು ನಿಮಿಷಕ್ಕೆ ಮುಗಿಯುತ್ತವೆ. ನಿರ್ದೇಶಕ ಡೇವಿಡ್ ಲೀನ್‌ನ ಭಾರೀ ಚಿತ್ರಗಳಿಗೆ ಎರಡೂವರೆ ಗಂಟೆ ದಾಟಬೇಕು, 'ಲಾರೆನ್ಸ್'ಗೆ ಮೂರೂವರೆಯನ್ನೂ ದಾಟಬೇಕು. ಆಮೇಲೆ, ಚಿತ್ರ ಎಷ್ಟು ಉದ್ದವಿದೆ ಎಂಬುದಕ್ಕೂ ಅದರಲ್ಲಿ ಗಿನ್ನೆಸ್ ಎಷ್ಟು ಹೊತ್ತು ಇದ್ದಾನೆ ಎಂಬುದಕ್ಕೂ ಸಂಬಂಧವಿಲ್ಲ. ಹೆಚ್ಚುಕಡಿಮೆ ತಿರುವುಮುರುವು ಎಂದರೂ ನಡೆದೀತು. ಇನ್ನು ಕಿವಿ. ನಲವತ್ತರ, ಐವತ್ತರ ದಶಕದ ಬ್ರಿಟಿಷ್ ಮಾತು ಚುರುಕು, ಚಮತ್ಕಾರವೆಲ್ಲ ವಾಕ್ಯದ ತುದಿಯಲ್ಲಿರುತ್ತದೆ. ಸಬ್‌ಟೈಟಲ್ ಇಲ್ಲದ ಪ್ರತಿ ಪುಕ್ಕಟೆ ಸಿಕ್ಕಿದರೂ ಬೇಡ. ಪರದೆಯ ಮಾತೂ ಅಷ್ಟೇ ಮುಖ್ಯ: ಕೆಲವು ಚಿತ್ರಗಳನ್ನು ತೆಗೆದದ್ದೇ ದೊಡ್ಡ ಪರದೆಗೆಂದು, ಕೆಲವನ್ನು ಟೀವಿ ಪೆಟ್ಟಿಗೆಗೆಂದು. ದುಡ್ಡಿನ ವಿಚಾರಕ್ಕೆ ಬಂದರೆ ಒಂದು ಚಿತ್ರ ಬಾಡಿಗೆಗೆ ತಂದರೆ ಒಂದು ಸಂಜೆಯ ಖರ್ಚು. ಸರಣಿಯಾದರೆ ಡಿಸ್ಕನ್ನೇ ಕೊಳ್ಳಬೇಕಾಗಿ ಬರಬಹುದು. ಓಟಿಟಿಯನ್ನು ನಂಬಿ ಕೂರುವಂತಿಲ್ಲ, ಇಂದು ಇದ್ದದ್ದು ನಾಳೆ ಇರುವುದಿಲ್ಲ.

ಇದೆಲ್ಲಕ್ಕಿಂತ ದೊಡ್ಡದು ಇನ್ನೊಂದಿದೆ. ನಿಮಗೆ ಬೇಕಾದದ್ದು ವೇಷ ಹಾಕುವ ಗಿನ್ನೆಸ್ಸೋ, ವೇಷ ಕಳಚಿದ ಗಿನ್ನೆಸ್ಸೋ? ಆತನ ಐವತ್ತು ವರ್ಷದ ಕಸುಬನ್ನು ಸಾಲಾಗಿ ನೋಡಿದರೆ ಕಾಣುವುದು ಇದು. ಶುರುವಿನಲ್ಲಿ ಅಂಟುಮೂಗು, ಕಟ್ಟುಹಲ್ಲು, ವಿಗ್ಗು, ಸೀರೆಯೊಂದು ಬಿಟ್ಟು ಎಲ್ಲವೂ ಉಂಟು. ಬರಬರುತ್ತಾ ಒಂದೊಂದೇ ಉದುರಿಹೋಗಿ ಕೊನೆಗೆ ಒಂದು ಜೊತೆ ದಪ್ಪ ಕನ್ನಡಕ ಉಳಿಯುತ್ತದೆ. ಬಚ್ಚಿಟ್ಟುಕೊಳ್ಳುವುದಂತೂ ನಿಲ್ಲುವುದಿಲ್ಲ. ಬಣ್ಣವೇ ಇಲ್ಲದೆ ಬಚ್ಚಿಟ್ಟುಕೊಳ್ಳುವುದನ್ನು ಕಲಿತುಬಿಡುತ್ತಾನೆ.

ಇದಕ್ಕೆ ಬಾಲ್ಯದ ಕಾರಣ ಹುಡುಕುವವರು ಹುಡುಕಲಿ, ಸಾಮಗ್ರಿಯೇನೋ ಇದೆ. 1914ರ ಏಪ್ರಿಲ್ 2ರಂದು ಲಂಡನ್ನಿನ ಮೈಡಾ ವೇಲ್‌ನಲ್ಲಿ ಹುಟ್ಟಿದ ಮಗುವಿನ ಜನನಪತ್ರದಲ್ಲಿ ತಂದೆಯ ಜಾಗ ಖಾಲಿ. ಹದಿನಾಲ್ಕು ವಯಸ್ಸಿನೊಳಗೆ ಮೂರು ಮನೆತನದ ಹೆಸರು ಹೊತ್ತ ಹುಡುಗ. ಜಾಹೀರಾತು ಕಂಪನಿಯಲ್ಲಿ ಬರವಣಿಗೆಯ ಕೆಲಸ ಮಾಡುತ್ತ ನಾಟಕದ ಹುಚ್ಚು ಹತ್ತಿಸಿಕೊಂಡ. ಆ ಕಾಲದ ದೊಡ್ಡ ರಂಗನಟ ಜಾನ್ ಗೀಲ್ಗುಡ್‌ನ ನೆರವು ಕೇಳಿಕೊಂಡು ಹೋದ, ಆತನೇ 1934ರಲ್ಲಿ 'ಹ್ಯಾಮ್ಲೆಟ್'ನಲ್ಲಿ ಆಸ್ರಿಕ್‌ನ ಪಾತ್ರ ಕೊಟ್ಟ. ಯುದ್ಧ ಬಂದಾಗ ನೌಕಾಪಡೆ ಸೇರಿ, 1943ರಲ್ಲಿ ಸಿಸಿಲಿಯ ಮೇಲಿನ ದಾಳಿಯಲ್ಲಿ ಸೈನಿಕರನ್ನು ದಡಕ್ಕಿಳಿಸುವ ದೋಣಿಯೊಂದರ ನಾಯಕನಾಗಿದ್ದ. ಸಿನಿಮಾಕ್ಕೆ ಬರುವಷ್ಟರಲ್ಲಿ ಮೂವತ್ತು ದಾಟಿತ್ತು. ಹೀರೋ ಆಗುವ ಮುಖವಲ್ಲ ಎಂಬುದು ಆತನಿಗೇ ಗೊತ್ತಿತ್ತು. ಆ ಮುಖದ ಸೊಗಸೇ ಅದು, ಖಾಲಿ ಹಲಗೆಯ ಹಾಗೆ.

ವೇಷದ ಗಿನ್ನೆಸ್

ವೇಷ ಬೇಕು ಎನ್ನುವವರ ಮುಂದೆ ಇರುವುದು ಮುಖ್ಯವಾಗಿ ನಾಲ್ಕು ಚಿತ್ರ. ನಾಲ್ಕೂ ನಾಲ್ಕು ತರಹದ ಜನಕ್ಕೆ.

'ಆಲಿವರ್ ಟ್ವಿಸ್ಟ್' 1948ರದ್ದು. ಅದಕ್ಕೆ ಎರಡು ವರ್ಷ ಹಿಂದೆ ಲೀನ್‌ನದೇ 'ಗ್ರೇಟ್ ಎಕ್ಸ್‌ಪೆಕ್ಟೇಷನ್ಸ್'ನಲ್ಲಿ ಚೆಲುವಾದ, ಒಳ್ಳೆಯ ಮನಸ್ಸಿನ ಗೆಳೆಯನಾಗಿ ಕಾಣಿಸಿದ್ದ ಗಿನ್ನೆಸ್, ಈಗ ಮಕ್ಕಳಿಗೆ ಜೇಬುಗಳ್ಳತನ ಕಲಿಸುವ ಮುದುಕ ಫೇಗಿನ್ ಆಗುತ್ತೇನೆಂದ. ಲೀನ್‌ಗೆ ನಂಬಿಕೆಯಿಲ್ಲ. ಒಂದು ಪರೀಕ್ಷೆ ತೆಗೆದುಕೊಳ್ಳಿ ಎಂದು ಹಠ ಹಿಡಿದು, ಪೂರ್ತಿ ವೇಷದಲ್ಲಿ ಎದುರು ನಿಂತ ಮೇಲೆ ವಾದ ಮುಗಿಯಿತು. ಆಗ ಆತನಿಗೆ ಮೂವತ್ಮೂರು. ನಟನೆಯಾಗಿ ಅದು ಬೆರಗು, ನಾನು ಮೊದಲ ಸಲ ನೋಡಿದಾಗ ಒಳಗಿರುವ ಮನುಷ್ಯ ಯಾರೆಂದು ಕೊನೆಯವರೆಗೂ ತಿಳಿದಿರಲಿಲ್ಲ. ಆದರೆ ಆ ಮೂಗು! ಹಳೆಯ ಪುಸ್ತಕದ ಚಿತ್ರಗಳಲ್ಲಿದ್ದ ಯೆಹೂದಿಯ ವ್ಯಂಗ್ಯರೂಪವನ್ನು ಹಾಗೇ ಎತ್ತಿ ಮುಖಕ್ಕಂಟಿಸಿದ್ದು. ಯುದ್ಧ ಮುಗಿದು ಮೂರೇ ವರ್ಷ. 1949ರಲ್ಲಿ ಬರ್ಲಿನ್ನಿನಲ್ಲಿ ಪ್ರದರ್ಶನಕ್ಕೆ ಪ್ರತಿಭಟನೆಯಾಯಿತು, ಅಮೆರಿಕದಲ್ಲಿ ಕತ್ತರಿ ಹಾಕಿಸಿಕೊಂಡು 1951ರಲ್ಲಷ್ಟೇ ತೆರೆಗೆ ಬಂತು. ನಟನೆಯ ವಿದ್ಯಾರ್ಥಿ ನೀವಾಗಿದ್ದರೆ ಇದನ್ನು ತಪ್ಪಿಸಬೇಡಿ. ಭಾನುವಾರ ಮಧ್ಯಾಹ್ನ ಮಕ್ಕಳ ಜೊತೆ ಕೂತು ನೋಡಲು ಇದು ಮೊದಲ ಆಯ್ಕೆಯಲ್ಲ. ಆ ಮೂಗು ಮಾಡಿದ ಸ್ಟುವರ್ಟ್ ಫ್ರೀಬಾರ್ನ್ ಎಂಬ ಮೇಕಪ್ ಕಲಾವಿದನೇ ಮೂವತ್ತು ಚಿಲ್ಲರೆ ವರ್ಷದ ಮೇಲೆ ಸ್ಟಾರ್ ವಾರ್ಸ್‌ನ ಯೋಡಾನ ಮುಖ ರೂಪಿಸಿದ್ದು.

'ಕೈಂಡ್ ಹಾರ್ಟ್ಸ್ ಅಂಡ್ ಕೊರೊನೆಟ್ಸ್' 1949ರದ್ದು. ಈಲಿಂಗ್ ಸ್ಟುಡಿಯೋದ ಚಿತ್ರ, ನಿರ್ದೇಶಕ ರಾಬರ್ಟ್ ಹೇಮರ್. ಡ್ಯೂಕ್ ಪದವಿಗೆ ಅಡ್ಡವಿರುವ ನೆಂಟರನ್ನೆಲ್ಲ ಒಬ್ಬೊಬ್ಬರಾಗಿ ಮುಗಿಸುವ ಯುವಕನ ಕಥೆ. ಆ ಯುವಕ ಗಿನ್ನೆಸ್ ಅಲ್ಲ, ಡೆನಿಸ್ ಪ್ರೈಸ್. ಸಾಯುವ ಮನೆತನ ಪೂರ್ತಿ ಗಿನ್ನೆಸ್. ಡ್ಯೂಕ್, ಬ್ಯಾಂಕಿನ ಯಜಮಾನ, ನಿದ್ದೆಗಣ್ಣಿನ ಪಾದ್ರಿ, ಒಂದೇ ಯುದ್ಧದ ಕಥೆಯನ್ನು ಹೇಳಿ ಹೇಳಿ ತಲೆತಿನ್ನುವ ಜನರಲ್, ಹಡಗಿನ ಜೊತೆ ಸೆಲ್ಯೂಟ್ ಹೊಡೆಯುತ್ತಲೇ ಮುಳುಗುವ ಅಡ್ಮಿರಲ್, ಇಬ್ಬರು ಯುವಕರು, ಮಹಿಳೆಯರ ಮತದ ಹಕ್ಕಿಗಾಗಿ ಬಲೂನು ಹತ್ತಿದ ಲೇಡಿ ಅಗಾಥಾ. ಎಂಟು ಪಾತ್ರ. ಮೊದಲು ನಾಲ್ಕು ಕೊಡುತ್ತೇವೆ ಅಂದಿದ್ದರಂತೆ, ನಾಲ್ಕೇ ಯಾಕೆ ಎಂದು ಕೇಳಿದವನು ಆತನೇ. ಚರ್ಚಿನಲ್ಲಿ ಮನೆಯವರೆಲ್ಲ ಒಟ್ಟಿಗೆ ಕಾಣುವ ಒಂದು ಶಾಟ್ ಇದೆ. ಕ್ಯಾಮೆರಾವನ್ನು ಅಲುಗದಂತೆ ಬಿಗಿದು, ಫ್ರೇಮಿನ ಒಂದೊಂದು ಭಾಗ ಮಾತ್ರ ತೆರೆದು, ಅದೇ ರೀಲನ್ನು ಹಿಂದಕ್ಕೆ ಸುತ್ತಿ ಸುತ್ತಿ ತೆಗೆದದ್ದು. ಛಾಯಾಗ್ರಾಹಕ ಡಗ್ಲಸ್ ಸ್ಲೋಕೋಂಬ್. ಯಾರಾದರೂ ಕ್ಯಾಮೆರಾಕ್ಕೆ ಮೈ ತಾಗಿಸಿದ್ದರೆ ಅಷ್ಟೂ ದಿನದ ಕೆಲಸ ನೀರುಪಾಲು.

ಬಹುಮುಖ ಎಂಬ ಮಾತಿಗೆ ಇದಕ್ಕಿಂತ ನೇರವಾದ ಸಾಕ್ಷಿ ಇಲ್ಲ, ಅದಕ್ಕೇ ಹೆಚ್ಚಿನವರು ಇದನ್ನೇ ಮೊದಲು ಸೂಚಿಸುತ್ತಾರೆ. ನನಗೆ ಒಂದು ತಕರಾರಿದೆ. ಎಂಟೂ ಪಾತ್ರ ಬಂದು ಹೋಗುವ ಜನ. ಯಾರ ಜೊತೆಗೂ ನಾಲ್ಕು ಗಳಿಗೆ ಕೂರಲು ಸಿಗುವುದಿಲ್ಲ. ಗಿನ್ನೆಸ್‌ನ ಕೈಚಳಕ ಕಾಣುತ್ತದೆ, ಆಳ ಕಾಣುವುದಿಲ್ಲ. ಜೊತೆಗೆ ಇಡೀ ಚಿತ್ರ ನಿಂತಿರುವುದು ನಯವಾದ ಇಂಗ್ಲಿಷ್ ನಿರೂಪಣೆಯ ಮೇಲೆ, ಅದರ ಕೊಂಕು ಹಿಡಿಯದಿದ್ದರೆ ಸಪ್ಪೆ. ಕೊಳ್ಳುವವರು ಒಂದು ವಿಷಯ ನೋಡಿಕೊಳ್ಳಿ: ಅಮೆರಿಕದಲ್ಲಿ ಬಿಡುಗಡೆಯಾದ ಪ್ರತಿಗೆ ಕೊನೆಯಲ್ಲಿ ಕೆಲವು ಸೆಕೆಂಡು ಹೆಚ್ಚು ಅಂಟಿಸಿ, ಮೂಲದಲ್ಲಿ ನಮ್ಮ ಊಹೆಗೆ ಬಿಟ್ಟದ್ದನ್ನು ಬಾಯಿಬಿಟ್ಟು ಹೇಳಿಸಿದ್ದಾರೆ. ಬ್ರಿಟಿಷ್ ಪ್ರತಿಯೇ ಬೇಕು.

ಹಾಗಾದರೆ ಹಾಸ್ಯಕ್ಕೆ ನನ್ನ ಓಟು? 'ದ ಲ್ಯಾವೆಂಡರ್ ಹಿಲ್ ಮಾಬ್', 1951. ಎಂಬತ್ತು ನಿಮಿಷದ ಆಸುಪಾಸು. ಬ್ಯಾಂಕಿನ ಚಿನ್ನದ ಗಟ್ಟಿಗಳಿಗೆ ಇಪ್ಪತ್ತು ವರ್ಷ ಕಾವಲಾಗಿ ಗಾಡಿಯಲ್ಲಿ ಓಡಾಡಿದ ಗುಮಾಸ್ತ, ಯಾರೂ ಎರಡನೇ ಸಲ ತಿರುಗಿ ನೋಡದ ಮನುಷ್ಯ, ಒಂದು ದಿನ ಆ ಚಿನ್ನವನ್ನೇ ಎತ್ತುವ ಉಪಾಯ ಹೂಡುತ್ತಾನೆ. ಕದ್ದ ಚಿನ್ನವನ್ನು ಕರಗಿಸಿ, ಪ್ರವಾಸಿಗರು ಕೊಳ್ಳುವ ಪುಟಾಣಿ ಐಫೆಲ್ ಗೋಪುರಗಳನ್ನಾಗಿ ಎರಕ ಹೊಯ್ದು ಫ್ರಾನ್ಸಿಗೆ ಸಾಗಿಸುವುದು. ಇಲ್ಲಿ ಅಂಟುಮೂಗಿಲ್ಲ. ತೊದಲಿನ ಹಾಗೆ ಕೇಳುವ ಒಂದು ಉಚ್ಚಾರ, ದುಂಡು ಟೋಪಿ, ಕಣ್ಣಂಚಿನಲ್ಲಿ ಒಂದು ಮಿಣುಕು, ಇಷ್ಟೇ. ವೇಷದಿಂದ ಮುಖದ ಕಡೆಗೆ ಆತ ಹೊರಳುತ್ತಿರುವುದು ಇಲ್ಲಿ ಕಣ್ಣಿಗೆ ಬೀಳುತ್ತದೆ. ಇದಕ್ಕೆ ಆಸ್ಕರ್ ನಾಮನಿರ್ದೇಶನವೂ ಸಿಕ್ಕಿತು. ಶುರುವಿನಲ್ಲೇ ಒಂದು ಕ್ಷಣ ಬಂದು ಹೋಗುವ ಹುಡುಗಿ ಆಡ್ರೆ ಹೆಪ್‌ಬರ್ನ್, ಕಣ್ಣು ಮಿಟುಕಿಸಬೇಡಿ. 1995ರಲ್ಲಿ ವ್ಯಾಟಿಕನ್ ಹೊರಡಿಸಿದ ಒಳ್ಳೆಯ ಚಿತ್ರಗಳ ಪಟ್ಟಿಯಲ್ಲಿ ಈ ಕಳ್ಳರ ಚಿತ್ರಕ್ಕೂ ಜಾಗವಿತ್ತು ಎಂಬುದು ನನಗೆ ಇಂದಿಗೂ ತಮಾಷೆ. ಅದೇ ವರ್ಷದ 'ದ ಮ್ಯಾನ್ ಇನ್ ದ ವೈಟ್ ಸೂಟ್' ಕೂಡ ಇಷ್ಟೇ ಚಿಕ್ಕದು. ಹರಿಯದ, ಕೊಳೆಯಾಗದ ಬಟ್ಟೆ ಕಂಡುಹಿಡಿದವನ ಮೇಲೆ ಗಿರಣಿ ಯಜಮಾನರೂ ಕೂಲಿಗಳೂ ಒಟ್ಟಿಗೆ ಮುಗಿಬೀಳುವ ಕಥೆ. ನಗು ಕಡಿಮೆ, ಚುಚ್ಚು ಹೆಚ್ಚು. ಇಲಕಲ್ಲು, ಮೊಳಕಾಲ್ಮೂರಿನ ಮಗ್ಗದ ಮನೆಗಳಿಂದ ಬಂದವರಿಗೆ ಕೂಲಿಗಳ ಆ ದಿಗಿಲನ್ನು ಯಾರೂ ಬಿಡಿಸಿ ಹೇಳಬೇಕಿಲ್ಲ.

ಮನೆಯಲ್ಲಿ ಕಪ್ಪು-ಬಿಳುಪು ಎಂದರೆ ರಿಮೋಟ್ ಕಿತ್ತುಕೊಳ್ಳುವವರಿದ್ದರೆ 'ದ ಲೇಡಿಕಿಲ್ಲರ್ಸ್' ತನ್ನಿ. 1955ರದ್ದು, ಬಣ್ಣದ್ದು. ಲಂಡನ್ನಿನ ಕಿಂಗ್ಸ್ ಕ್ರಾಸ್ ನಿಲ್ದಾಣದ ಹತ್ತಿರ ವಾಲಿನಿಂತ ಮನೆಯೊಂದರಲ್ಲಿ ಒಂಟಿಯಾಗಿರುವ ಅಜ್ಜಿಯ ಬಳಿ ಐವರು ದರೋಡೆಕೋರರು ಸಂಗೀತಗಾರರೆಂದು ಹೇಳಿ ಬಾಡಿಗೆಗೆ ಬರುತ್ತಾರೆ. ಗಿನ್ನೆಸ್ ಅವರ ನಾಯಕ: ಉಬ್ಬುಹಲ್ಲು, ಜೋತ ಕೂದಲು, ಹೆಗಲಿಗೊಂದು ಉದ್ದನೆಯ ಮಫ್ಲರ್. ಐವರೂ ಸೇರಿ ಅಜ್ಜಿಯೊಬ್ಬಳನ್ನು ಏನೂ ಮಾಡಲಾಗದೆ ಒದ್ದಾಡುವುದನ್ನು ಅರ್ಥ ಮಾಡಿಕೊಳ್ಳಲು ಇಂಗ್ಲಿಷೇ ಬೇಕಾಗಿಲ್ಲ. ಮೂರು ತಲೆಮಾರು ಒಟ್ಟಿಗೆ ಕೂರುವ ಮನೆಗೆ ಇದೇ ಸರಿ. ಆದರೆ ಗಿನ್ನೆಸ್ ಒಬ್ಬನಿಗಾಗಿ ಎನ್ನುವಂತಿಲ್ಲ, ಅಜ್ಜಿಯಾದ ಕೇಟಿ ಜಾನ್ಸನ್ ಎಲ್ಲರನ್ನೂ ಬದಿಗೆ ತಳ್ಳಿಬಿಡುತ್ತಾಳೆ.

ಸೇತುವೆಯ ಮೇಲೆ

'ದ ಬ್ರಿಡ್ಜ್ ಆನ್ ದ ರಿವರ್ ಕ್ವಾಯ್'. 1957. ಎರಡು ಗಂಟೆ ನಲವತ್ತೊಂದು ನಿಮಿಷ. ಒಂದೇ ಒಂದು ಚಿತ್ರ ನೋಡಲು ಬಿಡುವಿದೆ, ಒಂದು ಇಡೀ ಸಂಜೆ ಕೈಯಲ್ಲಿದೆ, ತಕ್ಕಮಟ್ಟಿಗೆ ದೊಡ್ಡ ಟೀವಿ ಇದೆ ಎಂದರೆ ನಾನು ಹಿಂದೆಮುಂದೆ ನೋಡದೆ ಹೇಳುವುದು ಇದನ್ನೇ.

ಕಾರಣ ಆಸ್ಕರ್ ಅಲ್ಲ, ಅದು ಬಂತು ನಿಜ; ಚಿತ್ರಕ್ಕೆ ಏಳು, ಅದರಲ್ಲಿ ಒಂದು ಗಿನ್ನೆಸ್‌ಗೆ. ಕಾರಣ ಕರ್ನಲ್ ನಿಕಲ್ಸನ್. ಸೆರೆಶಿಬಿರದ ಜಪಾನಿ ಅಧಿಕಾರಿ ಸೈಟೋ, ಅಧಿಕಾರಿಗಳೂ ಕೂಲಿ ಮಾಡಬೇಕು ಎನ್ನುತ್ತಾನೆ. ಜಿನೀವಾ ಒಪ್ಪಂದದಲ್ಲಿ ಹಾಗಿಲ್ಲ ಎಂದು ಪುಸ್ತಕ ತೆಗೆದು ತೋರಿಸುತ್ತಾನೆ ನಿಕಲ್ಸನ್. ತಗಡಿನ ಗೂಡಿನಲ್ಲಿ ಬಿಸಿಲಿಗೆ ಬೇಯಿಸಿದರೂ ಬಗ್ಗುವುದಿಲ್ಲ. ಇಷ್ಟು ಹೊತ್ತಿಗೆ ನಾವು ಪೂರ್ತಿ ಅವನ ಕಡೆ. ಅಲ್ಲಿಂದ ಮುಂದೆ ಅದೇ ಹಠ, ಅದೇ ಶಿಸ್ತು, ಅದೇ ಒಳ್ಳೆಯತನ ಸೇರಿ ಅವನನ್ನು ಶತ್ರುವಿನ ಸೇತುವೆಗೆ ಮೇಸ್ತ್ರಿಯನ್ನಾಗಿ ಮಾಡುತ್ತವೆ. ಅವನು ಎಲ್ಲಿ ದಾರಿ ತಪ್ಪಿದ ಎಂದು ಬೆರಳಿಟ್ಟು ತೋರಿಸಲಾಗುವುದಿಲ್ಲ. ಗಿನ್ನೆಸ್ ಅದನ್ನು ತೋರಿಸುವುದೂ ಇಲ್ಲ. ಈ ಪಾತ್ರವನ್ನು ಆತ ಮೊದಲು ಬೇಡವೆಂದಿದ್ದ. ಒಪ್ಪಿದ ಮೇಲೂ ಪಾತ್ರ ಹೇಗಿರಬೇಕೆಂದು ಲೀನ್ ಜೊತೆ ಜಗಳವೋ ಜಗಳ. ಸಿಂಹಳದ ಕಿತುಲ್ಗಲದಲ್ಲಿ, ಕೆಲನಿ ನದಿಯ ದಡದಲ್ಲಿ, ಆ ಸೆಖೆಯಲ್ಲಿ.

ಗೂಡಿನಿಂದ ಹೊರಗೆ ಬಿಟ್ಟಾಗ ನಿಕಲ್ಸನ್ ಅಂಗಳ ದಾಟಿ ಸೈಟೋನ ಕೋಣೆಗೆ ನಡೆಯುವ ದೃಶ್ಯವೊಂದಿದೆ. ಕಾಲು ಮಾತು ಕೇಳುತ್ತಿಲ್ಲ, ಮರ್ಯಾದೆ ನೆಟ್ಟಗೆ ನಿಲ್ಲಿಸಿದೆ. ಆ ನಡಿಗೆ ಎಲ್ಲಿಂದ ಬಂತೆಂದು ಗಿನ್ನೆಸ್ ಆಮೇಲೆ ಹೇಳಿದ್ದಾನೆ: ಪೋಲಿಯೋ ಬಡಿದು ಎದ್ದ ತನ್ನ ಮಗ ಮ್ಯಾಥ್ಯೂ ಮತ್ತೆ ನಡೆಯಲು ಕಲಿತದ್ದನ್ನು ಕಂಡಿದ್ದ. ಇದು ಗೊತ್ತಾದ ಮೇಲೆ ಆ ಅರ್ಧ ನಿಮಿಷವನ್ನು ನನಗೆ ಸುಮ್ಮನೆ ನೋಡಲು ಆಗಿಲ್ಲ.

ಕೊರತೆ ಹೇಳಬೇಕೆಂದರೆ, ಕಾಡಿನಲ್ಲಿ ಸ್ಫೋಟಕ ಹೊತ್ತು ನಡೆಯುವ ದಳದ ಕಥೆಗಾಗಿ ಗಿನ್ನೆಸ್‌ನನ್ನು ಬಿಟ್ಟು ಆಗಾಗ ಬೇರೆಲ್ಲೋ ಹೋಗುತ್ತೇವೆ. ಅದು ಬೇಸರ ಎನ್ನುವವರಿಗೆ 1960ರ 'ಟ್ಯೂನ್ಸ್ ಆಫ್ ಗ್ಲೋರಿ' ಇದೆ. ಮತ್ತೆ ಸೈನ್ಯವೇ, ಮತ್ತೆ ಕರ್ನಲ್ಲೇ, ಆದರೆ ಸ್ಕಾಟ್ಲೆಂಡಿನ ಬ್ಯಾರಕ್ಕು, ಕೆಂಪು ಕೂದಲು, ಕುಡಿತ, ಬೈಗುಳ. ನಿಕಲ್ಸನ್ ಮತ್ತು ಈ ಜಾಕ್ ಸಿಂಕ್ಲೇರ್‌ನನ್ನು ಒಂದೇ ವಾರದಲ್ಲಿ ನೋಡಿದರೆ ಒಬ್ಬ ನಟನೊಳಗೆ ಎಷ್ಟು ಜಾಗವಿರುತ್ತದೆ ಎಂದು ಗೊತ್ತಾಗುತ್ತದೆ. ಎದುರಿಗೆ ಜಾನ್ ಮಿಲ್ಸ್. ಇದನ್ನು ಯಾಕೋ ಹೆಚ್ಚು ಜನ ನೋಡುವುದಿಲ್ಲ.

ಪ್ರಸಿದ್ಧ, ಆದರೆ ಮೊದಲಿಗೆ ಬೇಡ

'ಲಾರೆನ್ಸ್ ಆಫ್ ಅರೇಬಿಯಾ' 1962ರದ್ದು, 'ಡಾಕ್ಟರ್ ಜಿವಾಗೋ' 1965ರದ್ದು. ಎರಡೂ ಥಿಯೇಟರಿನಲ್ಲಿ ಮತ್ತೆ ಹಾಕಿದರೆ ರಜೆ ಹಾಕಿ ಹೋಗಿ. ಆದರೆ ಗಿನ್ನೆಸ್‌ಗಾಗಿ ಅಲ್ಲ. ಮೊದಲನೆಯದರಲ್ಲಿ ಆತ ಅರಬ್ ರಾಜಕುಮಾರ ಫೈಸಲ್, ಎರಡನೆಯದರಲ್ಲಿ ನಾಯಕನ ಮಲಸಹೋದರ. ಎರಡರಲ್ಲೂ ಅಂಚಿನಲ್ಲಿ ಬಂದು ಹೋಗುತ್ತಾನೆ. ಬಿಳಿಯ ನಟ ಬೇರೆ ನಾಡಿನವನ ಬಣ್ಣ ಬಳಿದುಕೊಳ್ಳುವ ಆ ಕಾಲದ ಅಭ್ಯಾಸವನ್ನು ಆತನೂ ಸಲೀಸಾಗಿ ಪಾಲಿಸಿದ. 1961ರಲ್ಲಿ ಜಪಾನಿ ವ್ಯಾಪಾರಿಯೂ ಆಗಿದ್ದ. ಎಲ್ಲ ವೇಷವೂ ಹೊಂದುತ್ತದೆ ಎಂಬ ಹಮ್ಮಿಗೆ ತೆತ್ತ ಬೆಲೆ ಅದು.

'ಸ್ಟಾರ್ ವಾರ್ಸ್' 1977. ಮಕ್ಕಳಿರುವ ಮನೆಯಲ್ಲಿ ಇದು ಹೇಗೂ ಬಂದೇ ಬರುತ್ತದೆ, ನಾನು ಬೇಡವೆಂದರೂ ಕೇಳುವವರು ಯಾರು. ಆದರೆ ನಟನನ್ನು ಅರಿಯಲು ಇದು ದಾರಿಯಲ್ಲ. ಬಿಳಿಗಡ್ಡದ ಆ ಸಾಧು ಓಬಿ-ವಾನ್ ಪಾತ್ರಕ್ಕೆ ಸಿಕ್ಕಿದ್ದು ಸ್ವಲ್ಪ ಹೊತ್ತು, ಮಾತು ಚಪ್ಪೆ. ಹಾಗೆಂದವನು ಸ್ವತಃ ಗಿನ್ನೆಸ್. ಗುಲಾಬಿ ಹಾಳೆಗಳಲ್ಲಿ ದಿನ ಬಿಟ್ಟು ದಿನ ಬರುತ್ತಿದ್ದ ಹೊಸ ಸಂಭಾಷಣೆಗಳ ಬಗ್ಗೆ ಗೆಳತಿಗೆ ಪತ್ರ ಬರೆದು ಗೊಣಗಿದ್ದ. ಸಂಬಳದ ಜೊತೆ ಗಳಿಕೆಯಲ್ಲೂ ಒಂದು ಸಣ್ಣ ಪಾಲಿಗೆ ಒಪ್ಪಂದವಾಗಿತ್ತು, ಆ ಸಣ್ಣ ಪಾಲು ಆತನನ್ನು ಜೀವಮಾನಕ್ಕೆ ನಿಶ್ಚಿಂತನನ್ನಾಗಿ ಮಾಡಿತು. ನೂರಕ್ಕೂ ಹೆಚ್ಚು ಸಲ ಆ ಚಿತ್ರ ನೋಡಿದ್ದೇನೆಂದು ಹೆಮ್ಮೆಯಿಂದ ಹೇಳಿದ ಹುಡುಗನೊಬ್ಬನಿಗೆ, ಇನ್ನು ಮುಂದೆ ನೋಡುವುದಿಲ್ಲವೆಂದು ಮಾತು ಕೊಡು ಎಂದು ಕೇಳಿ ಅಳಿಸಿದ ಪ್ರಸಂಗವನ್ನು ತಾನೇ ಬರೆದುಕೊಂಡಿದ್ದಾನೆ. ಇಷ್ಟೆಲ್ಲ ಇದ್ದೂ ಆ ಪಾತ್ರ ನಿಲ್ಲುತ್ತದೆ. ಸುತ್ತಲಿನ ಬೊಂಬೆಗಳ, ದೀಪಗಳ ಗದ್ದಲದಲ್ಲಿ ನಂಬುವಂತೆ ಕೂತಿರುವ ಒಬ್ಬ ಮನುಷ್ಯ ಅಲ್ಲಿದ್ದಾನೆ. ಕ್ವಾಯ್ ನೋಡಿ ಬಂದು ಇದನ್ನು ಮತ್ತೊಮ್ಮೆ ನೋಡಿ, ಆಗ ಬೇರೆಯೇ ಕಾಣುತ್ತದೆ.

ಇನ್ನು ನಮ್ಮೂರಿನದು. 1984ರ 'ಎ ಪ್ಯಾಸೇಜ್ ಟು ಇಂಡಿಯಾ'ದ ಬಹುಪಾಲು ಬೆಂಗಳೂರಿನ ಸುತ್ತಮುತ್ತ ತೆಗೆದದ್ದು. ಕಥೆಯಲ್ಲಿ ಬಿಹಾರದ ಕಡೆಯ ಗುಹೆಗಳೆಂದು ಬರುವ ಬಂಡೆಗಳು ಸಾವನದುರ್ಗ ಮತ್ತು ರಾಮನಗರದವು. ಅದರಿಂದ ಕನ್ನಡಿಗರಿಗೆ ಇದರ ಮೇಲೆ ಒಂದು ಮಮತೆ. ಮಾಗಡಿ ಕಡೆಯವರು ಕತೆ ಬಿಟ್ಟು ಬಂಡೆ ಗುರುತು ಹಿಡಿಯುತ್ತ ಕೂರುವುದನ್ನು ನೋಡಿದ್ದೇನೆ. ಆದರೆ ಗಿನ್ನೆಸ್ ಇಲ್ಲಿ ಪ್ರೊಫೆಸರ್ ಗೋಡ್‌ಬೋಲೆ, ಮೈಗೆ ಕಂದು ಬಣ್ಣ ಬಳಿದುಕೊಂಡ ಬ್ರಾಹ್ಮಣ. ವಿಕ್ಟರ್ ಬ್ಯಾನರ್ಜಿ, ರೋಷನ್ ಸೇಠ್, ಸಯೀದ್ ಜಾಫ್ರಿ ಇದ್ದ ಅದೇ ಚಿತ್ರದಲ್ಲಿ ಇದು ಎದ್ದು ಕಾಣುತ್ತದೆ, ಒಳ್ಳೆಯ ರೀತಿಯಲ್ಲಲ್ಲ. ಆತನಿಗೂ ಸಮಾಧಾನವಿರಲಿಲ್ಲ. ಕಷ್ಟಪಟ್ಟು ಕಲಿತ ನೃತ್ಯವೊಂದನ್ನು ಲೀನ್ ಕತ್ತರಿಸಿ ಹಾಕಿದ ಮೇಲೆ, ಸುಮಾರು ನಲವತ್ತು ವರ್ಷದ ಆ ಜೋಡಿ ಮತ್ತೆ ಒಂದು ಚಿತ್ರದಲ್ಲೂ ಸೇರಲಿಲ್ಲ. ನೆಲಕ್ಕಾಗಿ ನೋಡಿ, ನಟಿ ಪೆಗ್ಗಿ ಆಶ್‌ಕ್ರಾಫ್ಟ್‌ಗಾಗಿ ನೋಡಿ.

ಕನ್ನಡಕ ಒರೆಸುವ ಮನುಷ್ಯ

ಗಿನ್ನೆಸ್‌ಗೆ ಅರವತ್ತೈದಾದಾಗ ಬಿಬಿಸಿಯಲ್ಲಿ ಬಂದ ಸರಣಿ 'ಟಿಂಕರ್ ಟೈಲರ್ ಸೋಲ್ಜರ್ ಸ್ಪೈ', 1979. ಬೇಹುಗಾರಿಕೆ ಇಲಾಖೆಯೊಳಗೆ ಹೊಕ್ಕ ದ್ರೋಹಿಯನ್ನು ಪತ್ತೆಹಚ್ಚಲು, ಕೆಲಸದಿಂದ ಹೊರಗಟ್ಟಿದ ಹಳೆಯ ಅಧಿಕಾರಿ ಜಾರ್ಜ್ ಸ್ಮೈಲಿಯನ್ನು ಗುಟ್ಟಾಗಿ ಕರೆಸುತ್ತಾರೆ. ಬಂದೂಕಿನ ಸದ್ದು ಅಪರೂಪ. ಸ್ಮೈಲಿ ಮಾಡುವುದು ಏನು? ಕೂರುತ್ತಾನೆ. ಕೇಳಿಸಿಕೊಳ್ಳುತ್ತಾನೆ. ಕನ್ನಡಕ ತೆಗೆದು ಟೈ ತುದಿಯಿಂದ ಒರೆಸುತ್ತಾನೆ. ಎದುರಿಗಿದ್ದವನು ಆ ಮೌನ ತಾಳಲಾರದೆ ಬಾಯಿಬಿಡುತ್ತಾನೆ. ಪಾತ್ರಕ್ಕೆ ಮುಂಚೆ ಕಾದಂಬರಿಕಾರ ಜಾನ್ ಲೆ ಕ್ಯಾರೆ ಮೂಲಕ ಬ್ರಿಟಿಷ್ ಗೂಢಚಾರ ಸಂಸ್ಥೆಯ ನಿವೃತ್ತ ಮುಖ್ಯಸ್ಥ ಮಾರಿಸ್ ಓಲ್ಡ್‌ಫೀಲ್ಡ್ ಜೊತೆ ಊಟಕ್ಕೆ ಕೂತು, ಉಡುಗೆ, ಕೈ, ನಡಿಗೆ ಎಲ್ಲ ಕಣ್ಣಲ್ಲೇ ಅಳೆದುಕೊಂಡು ಬಂದಿದ್ದನಂತೆ.

ನನ್ನ ಮಟ್ಟಿಗೆ ಗಿನ್ನೆಸ್‌ನ ಶಿಖರ ಇದು. ಹಾಗಿದ್ದೂ ಮೊದಲಿಗೆ ಇದನ್ನು ಕೊಡಲು ಅಂಜುತ್ತೇನೆ. ಏಳು ಕಂತು, ಒಂದೊಂದೂ ಮುಕ್ಕಾಲು ಗಂಟೆಯ ಮೇಲೆ. ಶುರುವಾಗುವುದೇ ನಾಲ್ಕು ಜನ ಒಬ್ಬೊಬ್ಬರಾಗಿ ಕೋಣೆಗೆ ಬಂದು ಮಾತಿಲ್ಲದೆ ಕೂರುವುದರಿಂದ. ಅಡುಗೆ ಮಾಡುತ್ತ, ಫೋನ್ ನೋಡುತ್ತ ನೋಡುವಂಥದಲ್ಲ. ಒಂದು ಹೆಸರು ತಪ್ಪಿದರೆ ಮುಂದಿನ ಕಂತಿನಲ್ಲಿ ಕೈಕಾಲು ಬಡಿಯಬೇಕು. ಆದರೆ ನಿಮಗೆ ಪತ್ತೇದಾರಿ ಓದುವ ಅಭ್ಯಾಸವಿದ್ದರೆ, ರಾತ್ರಿಗೊಂದು ಕಂತೆಂದು ವಾರ ಕಳೆಯುವ ತಾಳ್ಮೆಯಿದ್ದರೆ, ಹಾಸ್ಯವನ್ನೂ ಸೇತುವೆಯನ್ನೂ ಹಾರಿ ನೇರ ಇಲ್ಲಿಗೇ ಬನ್ನಿ. ಟೀವಿಗೆಂದೇ ತೆಗೆದದ್ದರಿಂದ ಚಿಕ್ಕ ಪರದೆಯಲ್ಲಿ ಏನೂ ಕಳೆದುಹೋಗುವುದಿಲ್ಲ, ಲ್ಯಾಪ್‌ಟಾಪ್ ಸಾಕು. ಹಿಡಿಸಿದರೆ 1982ರ 'ಸ್ಮೈಲೀಸ್ ಪೀಪಲ್' ಇನ್ನೂ ಆರು ಕಂತು. ಅದರಿಂದ ಶುರು ಮಾಡಬೇಡಿ, ಹಳೆಯ ಲೆಕ್ಕ ಗೊತ್ತಿಲ್ಲದಿದ್ದರೆ ಕೊನೆಯ ದೃಶ್ಯದ ಭಾರ ಗೊತ್ತಾಗುವುದಿಲ್ಲ.

ದುಡ್ಡು ಹಾಕಿ ಕೊಳ್ಳಬೇಕಾದದ್ದು ಒಂದೇ ಎಂದರೆ ಇದನ್ನೇ ಕೊಳ್ಳಿ. ಲ್ಯಾವೆಂಡರ್ ಹಿಲ್ ಬಾಡಿಗೆಗೆ ಸಾಕು, ಕ್ವಾಯ್ ಹುಡುಕಿದರೆ ಸಿಗುತ್ತದೆ. ಸ್ಮೈಲಿಯನ್ನು ಎರಡನೇ ಸಲ ನೋಡದವರನ್ನು ನಾನು ಕಂಡಿಲ್ಲ. ಮೊದಲ ಸಲ ಕಥೆ ಹಿಂದೆ ಓಡುತ್ತೇವೆ, ಎರಡನೇ ಸಲ ಆ ಮುಖ.

ನೋಡುವುದಕ್ಕಿಂತ ಓದುವುದೇ ಇಷ್ಟ ಎನ್ನುವವರಿಗೂ ಆಯ್ಕೆಯಿದೆ. 1985ರ ಆತ್ಮಕಥನ 'ಬ್ಲೆಸ್ಸಿಂಗ್ಸ್ ಇನ್ ಡಿಸ್‌ಗೈಸ್' ಸೊಗಸಾದ ಗದ್ಯ, ಆದರೆ ತನಗಿಂತ ಗೆಳೆಯರ ಬಗ್ಗೆಯೇ ಹೆಚ್ಚು. ಅಲ್ಲೂ ಬಚ್ಚಿಟ್ಟುಕೊಂಡಿದ್ದಾನೆ. 1954ರಲ್ಲಿ ಪಾದ್ರಿಯ ಪಾತ್ರಕ್ಕಾಗಿ ಫ್ರಾನ್ಸಿನ ಹಳ್ಳಿಯಲ್ಲಿದ್ದಾಗ, ಸಂಜೆ ವೇಷ ಕಳಚದೆ ನಡೆದುಹೋಗುತ್ತಿದ್ದವನ ಕೈಯನ್ನು ಅಪರಿಚಿತ ಮಗುವೊಂದು ನಿಜವಾದ ಪಾದ್ರಿಯೆಂದು ನಂಬಿ ಹಿಡಿದು ಬಂದದ್ದನ್ನು ಅದರಲ್ಲಿ ಹೇಳುತ್ತಾನೆ. ಎರಡು ವರ್ಷದ ಮೇಲೆ ಆತ ಕ್ಯಾಥೊಲಿಕ್ ಆದ. ಮುಪ್ಪಿನ ದಿನಚರಿಗಳು, 1996ರ ಮತ್ತು 1999ರ ಪುಸ್ತಕಗಳು, ಹಗುರ, ತುಸು ಗೊಣಗಾಟ, ಮಲಗುವ ಮುನ್ನ ಎರಡು ಪುಟ ಓದಲು ಹಿತ. 2000ದ ಆಗಸ್ಟ್ 5ರಂದು ಗಿನ್ನೆಸ್ ತೀರಿಕೊಂಡ ಮೇಲೆ ಪಿಯರ್ಸ್ ಪಾಲ್ ರೀಡ್ ಬರೆದ ಜೀವನಚರಿತ್ರೆ ದಪ್ಪ. ಖಾಸಗಿ ಡೈರಿ, ಪತ್ರಗಳನ್ನು ಬಳಸಿದ್ದು. ಸಾಧುವಿನ ಮುಖ ಹಾಗೇ ಉಳಿಯಲಿ ಎನ್ನುವವರು ಅದನ್ನು ತೆರೆಯದಿರುವುದೇ ಲೇಸು.

ಮರೆಯುವ ಮುಂಚೆ: ಟಿಂಕರ್ ಟೈಲರ್ ಡಿಸ್ಕ್ ಕೊಳ್ಳುವಾಗ ಪೆಟ್ಟಿಗೆಯ ಹಿಂಭಾಗ ಓದಿ. ಅಮೆರಿಕಕ್ಕೆಂದು ಮರುಜೋಡಿಸಿದ ಆರು ಕಂತಿನ ಪ್ರತಿಯೊಂದು ಓಡಾಡುತ್ತದೆ. ಬೇಕಾದದ್ದು ಏಳರದು.